ಕಪೆಕಾಳ ಚಾಪೆಯಡಿಯ ಬಟ್ಟಲು

"ನೆಲಕ್ಕೆ ಉಗುಳಬೇಡಿ ಸಾಹೇಬ್ರೇ, ಇದರಲ್ಲಿ ಉಗುಳಿ," ಎಂದು ಕಪೆಕಾ ಮರದ ಬಟ್ಟಲನ್ನು ಮುಂದೆ ಹಿಡಿದಳು.

ಸಕ್ಕರೆ ಕಂಪನಿಯ ಮೋಜಣಿದಾರ ಲೆಮುಯಲ್ ಪ್ರೌಟ್ ಬಾಯಿ ತುಂಬ ಹೊಗೆಸೊಪ್ಪು ತುರುಕಿಕೊಂಡು ಅವಳ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಹವಾಯಿಗೆ ಬಂದು ಅವನಿಗೆ ಇನ್ನೂ ಹತ್ತು ದಿನವಾಗಿರಲಿಲ್ಲ.

"ಯಾಕೆ, ನಿನ್ನ ನೆಲ ಮೈಲಿಗೆ ಆಗುತ್ತೋ?"

"ನೆಲಕ್ಕೇನೂ ಆಗಲ್ಲ, ಆಗೋದು ನಿಮಗೇ. ಉಗುಳು, ಉಗುರು, ಕೂದಲು ಆಗದವರ ಕೈಗೆ ಸಿಕ್ಕರೆ ಮಂತ್ರ ಹಾಕಿ ಸಾಯಿಸಿಬಿಡ್ತಾರೆ. ನಮ್ಮ ದೊರೆಗಳ ಹಿಂದೆ ಉಗುಳುಬಟ್ಟಲು ಹಿಡಿಯೋಕೇ ಒಬ್ಬ ನಂಬಿಕಸ್ತ ಇರ್ತಿದ್ದ. ನೀವು ನನ್ನ ಮನೇಲಿ ಇರೋ ತನಕ ನಿಮ್ಮ ಉಗುಳು ನನ್ನ ಹೊಣೆ. ಸಂಜೆ ಸಮುದ್ರಕ್ಕೆ ಚೆಲ್ಲಿ ಬರ್ತೀನಿ."

ಪ್ರೌಟ್ ನಕ್ಕ. ನಕ್ಕು, ಬಟ್ಟಲನ್ನು ತಪ್ಪಿಸಿ, ಅವಳ ಕಾಲಬುಡಕ್ಕೇ ಪಿಚಕ್ಕನೆ ಉಗುಳಿದ. "ನನಗೆ ಮಾಟ ತಟ್ಟಬೇಕಾದರೆ ಅದು ಅಮೆರಿಕದ ನೌಕಾಪಡೆಯನ್ನ ದಾಟಿ ಬರಬೇಕು, ಅಜ್ಜಿ!"

ಕಪೆಕಾ ಅದನ್ನು ಎಲೆಯಿಂದ ಬಳಿದು ಬಟ್ಟಲಿಗೆ ಹಾಕಿ, ಮೇಲೆ ಬಟ್ಟೆ ಬಿಗಿದು ಕಟ್ಟಿದಳು. ಅವಳ ತಮ್ಮ ಇಯೋಕೇಪ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ.

"ಅವನ ಎಂಜಲು ಬಳಿಯೋ ಕರ್ಮ ನಿನಗ್ಯಾಕಕ್ಕಾ?"

"ಮನೆಗೆ ಬಂದೋನು ಕಣೋ," ಎಂದಳು ಅವಳು.

ಮನೆಗೆ ಬಂದವನು! ಆ ವರ್ಷ ಎಲ್ಲರೂ ಹಾಗೆಯೇ ಬಂದಿದ್ದರು. ಐದು ವರ್ಷದ ಹಿಂದೆ ಅಮೆರಿಕದ ಧಣಿಗಳು ರಾಣಿಯನ್ನು ಗದ್ದುಗೆಯಿಂದ ಇಳಿಸಿದ್ದರು, ಆ ಆಗಸ್ಟಿನಲ್ಲಿ ಹವಾಯಿಯ ಬಾವುಟವನ್ನೂ ಇಳಿಸಿದರು. ಅದು ಇಳಿದ ವಾರದಲ್ಲೇ ಅಳತೆಯ ಸರಪಣಿ ಹಿಡಿದ ಪ್ರೌಟ್ ಕಪೆಕಾಳ ಮನೆಯಲ್ಲಿ ಬಿಡಾರ ಹೂಡಿದ. ಅವಳು ಹಾಕಿದ ಕೆಸುವಿನ ಹಿಟ್ಟು, ಸುಟ್ಟ ಮೀನು ತಿನ್ನುತ್ತ ಅವಳದೇ ಬುಗ್ಗೆಯನ್ನು ನಕ್ಷೆಯ ಮೇಲೆ ಕಂಪನಿಗೆ ಬರೆದುಕೊಂಡ. ಇಡೀ ಕಣಿವೆಯ ಕೆಸುವಿನ ಗದ್ದೆಗಳಿಗೆ ನೀರು ಬರುತ್ತಿದ್ದುದು ಅದೊಂದೇ ಬುಗ್ಗೆಯಿಂದ.

ಕಾಲುವೆ ತೋಡಲು ಬಂದ ದಿನ ಇಯೋಕೇಪ ಬುಗ್ಗೆಯ ಬಾಯಲ್ಲಿ ಅಡ್ಡ ಮಲಗಿದ. "ನನ್ನ ಮೇಲೆ ತೋಡಿ," ಎಂದ. ಪ್ರೌಟ್ ಗಡಿಯಾರ ನೋಡಿದ. ಬಂಡೆಗೆ ಸಿಡಿಮದ್ದು ತುಂಬಿಯಾಗಿತ್ತು. "ಐದು ನಿಮಿಷ," ಎಂದ. ಐದು ನಿಮಿಷ ಕಳೆಯಿತು, ಇಯೋಕೇಪ ಏಳಲಿಲ್ಲ, ಪ್ರೌಟ್ ಬತ್ತಿಗೆ ಬೆಂಕಿ ಕೊಡಿಸಿದ. ಹೊಸ ಸರ್ಕಾರದ ನ್ಯಾಯಾಧೀಶ ಆ ಸಾವನ್ನು ಅಪಘಾತವೆಂದು ಬರೆದು ಊಟಕ್ಕೆ ಎದ್ದ.

ಅಂದೇ ಪ್ರೌಟ್ ಪೆಟ್ಟಿಗೆ ಎತ್ತಿಕೊಂಡು ಕಾಲುವೆಯ ಬಳಿಯ ಬಂಗಲೆಗೆ ಹೋದ. ನೀರು ಕಬ್ಬಿನ ತೋಟಕ್ಕೆ ತಿರುಗಿತು. ಗದ್ದೆಗಳು ಒಣಗಿ ಬಿರಿದವು, ಕೊಳೆತ ಕೆಸುವಿನ ನಾತ ಕಣಿವೆಯನ್ನೆಲ್ಲ ತುಂಬಿತು.

ಆದರೆ ಒಂದು ತೊಡಕು ಉಳಿದಿತ್ತು. ಬುಗ್ಗೆಯ ನೆಲಕ್ಕೆ ಕಪೆಕಾಳ ಹೆಸರಿನಲ್ಲಿ ಹಳೆಯ ದೊರೆ ಕೊಟ್ಟ ಪತ್ರವಿತ್ತು. ಅವಳು ಬದುಕಿರುವ ತನಕ ಕಂಪನಿಗೆ ಅದು ಗಂಟಲ ಮುಳ್ಳು. ತಮ್ಮ ಹೋದಮೇಲೆ ಅವಳಿಗೆ ವಾರಸುದಾರರಿರಲಿಲ್ಲ. ಅವಳು ಸತ್ತರೆ ನೆಲ ಸರ್ಕಾರಕ್ಕೆ, ಸರ್ಕಾರದಿಂದ ಕಂಪನಿಗೆ.

ಪ್ರೌಟನಿಗೆ ಒಂದು ಉಪಾಯ ಹೊಳೆಯಿತು. ತನಗೆ ನಂಬಿಕೆಯಿಲ್ಲದಿದ್ದರೇನು, ಅವಳಿಗಿದೆಯಲ್ಲ! ತನ್ನ ಮೇಲೆ ಮಾಟವಾಗಿದೆ ಎಂದು ತಿಳಿದರೆ ಮುದುಕಿ ಹೆದರಿಯೇ ಸಾಯುತ್ತಾಳೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಒಂದು ಕರಿ ಹಂದಿಯನ್ನೂ ಎರಡು ಶೀಸೆ ಜಿನ್ನನ್ನೂ ಹೊರಿಸಿಕೊಂಡು ಪಾಕೆಲೆಯ ಗುಡಿಸಲಿಗೆ ಹೋದ.

ಪಾಕೆಲೆ ಸಾವಿನ ಮಂತ್ರ ಬಲ್ಲವನು. ತಿಮಿಂಗಿಲದ ಹಡಗುಗಳಲ್ಲಿ ದುಡಿದು ಬಂದಿದ್ದರಿಂದ ಇಂಗ್ಲಿಷೂ ಬರುತ್ತಿತ್ತು. ಊರಿನವರು ಅವನ ನೆರಳು ತುಳಿಯಲೂ ಅಂಜುತ್ತಿದ್ದರು.

"ಅವಳ ಮೈಯಿಂದ ಬಂದಿದ್ದು ಏನಾದ್ರೂ ಬೇಕು," ಎಂದ ಪಾಕೆಲೆ. "ಕೂದಲೋ, ಉಗುಳೋ."

"ಬಟ್ಟಲು ತುಂಬ ತರ್ತೀನಿ," ಎಂದ ಪ್ರೌಟ್.

ಭಾನುವಾರ ಚರ್ಚಿನ ಗಂಟೆ ಬಾರಿಸಿದ ಮೇಲೆ ಅವನು ಕಪೆಕಾಳ ಮನೆಗೆ ನುಗ್ಗಿದ. ಒಳಗೆ ಕತ್ತಲು. ತೆಂಗಿನೆಣ್ಣೆ, ಹೊಗೆ, ಹಳೆಯ ಚಾಪೆಯ ವಾಸನೆ. ಮೂಲೆಯ ಚಾಪೆ ಎತ್ತಿದ. ಬಟ್ಟೆ ಬಿಗಿದ ಬಟ್ಟಲು ಅಲ್ಲಿತ್ತು. ತಾನು ಉಗುಳಿದ್ದನ್ನು ದಿನಾ ಸಮುದ್ರಕ್ಕೆ ಚೆಲ್ಲುತ್ತಿದ್ದಳು, ಇಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದಾಳೆಂದರೆ ಇದು ಅವಳದೇ ಇರಬೇಕು ಎಂದುಕೊಂಡ. ಗಂಟು ಬಿಚ್ಚಿ ನೋಡಲು ಹೇಸಿಗೆಯಾಯಿತು. ಕೋಟಿನೊಳಗೆ ಸಿಕ್ಕಿಸಿಕೊಂಡು ಹೊರಬಿದ್ದ.

ಪಾಕೆಲೆಯ ಗುಡಿಸಲಿಗೆ ಕಿಟಕಿಯಿರಲಿಲ್ಲ. ಹೊರಗೆ ನಡುಮಧ್ಯಾಹ್ನದ ಬಿಸಿಲು, ಒಳಗೆ ಕೆಂಡದ ಬೆಳಕೊಂದೇ. ಪಾಕೆಲೆ ಬಟ್ಟಲಿನ ಮೇಲೆ ಅಂಗೈ ಇಟ್ಟ.

"ಇದು ಯಾರದೋ ಅವರೇ ಸಾಯೋದು. ಹೆಸರು ನಾನು ಹೇಳಲ್ಲ, ಬೆಂಕಿಗೇ ಗೊತ್ತಾಗುತ್ತೆ. ಆಗಬಹುದಾ?"

"ಆಗಬಹುದು."

"ಇನ್ನೊಂದು ಸಲ ಕೇಳ್ತೀನಿ."

"ಸುಡಯ್ಯ ಸುಮ್ಮನೆ!"

ಪಾಕೆಲೆ ಬಟ್ಟಲನ್ನು ಬಟ್ಟೆಸಮೇತ ಕೆಂಡಕ್ಕಿಟ್ಟ. ಉಸಿರು ಹಿಡಿದು ಒಂದೇ ದಮ್ಮಿನಲ್ಲಿ ಮಂತ್ರ ಶುರುಮಾಡಿದ. ಹೊಗೆ ಎದ್ದಿತು. ಆ ಹೊಗೆಯಲ್ಲಿ ಹೊಗೆಸೊಪ್ಪಿನ ಘಾಟು. ಮುದುಕಿಯೂ ಹೊಗೆಸೊಪ್ಪು ಜಗಿಯುತ್ತಾಳೇನೋ ಎಂದುಕೊಂಡು ಪ್ರೌಟ್ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಕಾಲ್ಬೆರಳುಗಳು ಇರುವುದೇ ಗೊತ್ತಾಗಲಿಲ್ಲ. ಚಿವುಟಿಕೊಂಡ. ನೋವಿಲ್ಲ. ರಾತ್ರಿ ವಾರೆಯಾಗಿ ಮಲಗಿದ್ದೇನೆ ಎಂದುಕೊಂಡ. ಸಂಜೆಯ ಹೊತ್ತಿಗೆ ಮಂಡಿಯ ತನಕ ಜೋಮು ಹಿಡಿದಿತ್ತು. ಕಂಪನಿಯ ವೈದ್ಯ ಸೂಜಿ ಚುಚ್ಚಿದ. ರಕ್ತ ಬಂತು, ನೋವು ಬರಲಿಲ್ಲ. ವೈದ್ಯ ತಲೆ ಕೆರೆದುಕೊಂಡ.

ಆಗ ಪ್ರೌಟನಿಗೆ ಆ ಘಾಟು ನೆನಪಾಯಿತು. ಅದು ಅವನು ತನ್ನ ಊರಿನಿಂದ ಡಬ್ಬಿಗಟ್ಟಲೆ ತಂದಿದ್ದ, ಬೆಲ್ಲದ ಪಾಕ ಸವರಿದ ಹೊಗೆಸೊಪ್ಪು. ಈ ದ್ವೀಪದಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನು ಬಂಗಲೆಯಿಂದ ಹೊರಬಿದ್ದ. ಕಾಲು ಅವನದಾಗಿರಲಿಲ್ಲ. ಬಿದ್ದ. ಎದ್ದ. ಮತ್ತೆ ಬಿದ್ದ. ಒಣಗಿದ ಗದ್ದೆಗಳ ಮೇಲೆ ಮೊಣಕೈಯೂರಿ ತೆವಳಿದ. ದೂರದಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಾಕಿದ್ದರು. ಹೊಗೆ ಸೂರ್ಯನನ್ನು ಮುಚ್ಚಿತ್ತು. ಕಪೆಕಾಳ ಜಗುಲಿ ಮುಟ್ಟುವಷ್ಟರಲ್ಲಿ ಸೊಂಟ ಹೋಗಿತ್ತು.

ಅವಳು ಬಾಗಿಲಲ್ಲಿ ಕೂತಿದ್ದಳು.

"ಅದು ನನ್ನದು!" ಅವನು ಒದರಿದ. "ಆ ಬಟ್ಟಲು... ನನ್ನದು!"

"ಹೌದು."

"ಸಮುದ್ರಕ್ಕೆ ಚೆಲ್ತೀನಿ ಅಂದಿದ್ದೆ!"

"ನನ್ನ ತಮ್ಮ ಸಾಯೋ ತನಕ ದಿನಾ ಚೆಲ್ಲಿದೆ. ಅವತ್ತು ಬೆಳಿಗ್ಗೆ ಉಗುಳಿದ್ದನ್ನ ಮಾತ್ರ ಇಟ್ಟುಕೊಂಡೆ. ಎಷ್ಟೋ ಸಲ ಪಾಕೆಲೆ ಮನೆ ದಾರಿ ಹಿಡಿದೆ ಸಾಹೇಬ್ರೇ. ಅರ್ಧದಿಂದ ವಾಪಸ್ ಬಂದೆ. ದೇವರ ಮುಂದೆ ಮೊಣಕಾಲೂರೋಳು ನಾನು, ಕೈ ಬರಲಿಲ್ಲ. ಭಾನುವಾರ ಹಾಡಿನ ಪುಸ್ತಕ ಮರೆತು ಮನೆಗೆ ಬಂದೆ. ನೀವು ಅದನ್ನ ಕೋಟಿನೊಳಗೆ ಇಡ್ತಿದ್ರಿ. ಕೂಗಬಹುದಾಗಿತ್ತು. ಇಯೋಕೇಪನ ನೆನಪಾಯ್ತು. ಬಾಯಿ ಮುಚ್ಚಿಕೊಂಡೆ."

ಪ್ರೌಟ್ ಅತ್ತ. ನಾಚಿಕೆ ಬಿಟ್ಟು ಅತ್ತ. "ಏನು ಬೇಕು ಹೇಳು, ಕೊಡ್ತೀನಿ."

ಅವಳು ಒಳಗಿನಿಂದ ಕಾಗದ, ಮಸಿ ತಂದಳು. "ಬುಗ್ಗೆ ನನ್ನ ಗಡಿಯೊಳಗಿದೆ, ನಿಮ್ಮ ನಕ್ಷೆ ಸುಳ್ಳು ಅಂತ ಬರೀರಿ. ಕಾಲುವೆ ತೂಬು ಮುಚ್ಚೋಕೆ ಕಾವಲಿನವನಿಗೆ ಅಪ್ಪಣೆ ಬರೀರಿ."

ಬರೆದ. ಸಹಿಯ ಕೊನೆಯ ಅಕ್ಷರಕ್ಕೆ ಬೆರಳು ಸತ್ತಿತು. ಲೇಖನಿ ಜಾರಿತು. ಅವಳು ಎರಡು ಸಲ ಓದಿ ಕಾಗದವನ್ನು ಮಡಚಿದಳು.

"ಈಗ... ಪಾಕೆಲೆಗೆ ಹೇಳು. ನಿಲ್ಲಿಸು ಅನ್ನು."

"ಬೂದಿ ನಿನ್ನೇನೇ ಸಮುದ್ರಕ್ಕೆ ಹೋಯ್ತು, ಅವನು ಚೆಲ್ಲೋದನ್ನ ನೋಡಿದೆ. ಇನ್ನು ನಿಲ್ಲಿಸೋಕೆ ಅವನ ಕೈಲೂ ಆಗಲ್ಲ."

"ಮತ್ತೆ ಯಾಕೆ ಬರೆಸ್ಕೊಂಡೆ?"

"ನೀರಿಗೆ," ಎಂದಳು ಕಪೆಕಾ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಸತ್ತವನ ಅಪ್ಪಣೆಯನ್ನು ಕಾವಲಿನವನು ನಡೆಸುವುದಿಲ್ಲ, ಹಾಗಾಗಿ ಅವಳಿಗೆ ಅವಸರವಿತ್ತು. ಪ್ರೌಟ್ ಅವಳ ನಿಲುವಂಗಿಯ ಅಂಚು ಹಿಡಿಯಲು ಹೋದ. ತೋಳು ಏಳಲಿಲ್ಲ. ಕೂಗಲು ಹೋದ. ಗಂಟಲು ಕಲ್ಲಾಗಿತ್ತು. ಅವಳು ಹಿಂತಿರುಗಿ ನೋಡದೆ ಗದ್ದೆಗಳ ನಡುವೆ ನಡೆದುಹೋದಳು.

ಅವನೊಬ್ಬನೇ ಉಳಿದ. ಎದೆ ಭಾರವಾಯಿತು. ಉಸಿರು ಸಣ್ಣಗಾಯಿತು. ಕಣ್ಣು ಮಂಜಾಯಿತು. ಕಿವಿ ಮಾತ್ರ ಇನ್ನೂ ಬದುಕಿತ್ತು. ಮೊದಲು ಏನೂ ಇಲ್ಲ. ನೊಣಗಳ ಗುಂಯ್‌ಗುಡುವಿಕೆ. ಆಮೇಲೆ ಮೇಲಿನ ಗದ್ದೆಯಲ್ಲಿ ಗುಳುಗುಳು ಸದ್ದು. ಅದರ ಕೆಳಗಿನ ಗದ್ದೆಯಲ್ಲಿ. ಅದರ ಕೆಳಗಿನದರಲ್ಲಿ. ಕಣಿವೆಯ ಜನ ಮನೆಗಳಿಂದ ಹೊರಗೆ ಓಡಿಬಂದು ಕೇಕೆ ಹಾಕುತ್ತಿದ್ದರು. ನೀರು ಜಗುಲಿಯ ಬುಡಕ್ಕೆ ಬಂತು. ಅದರ ಸದ್ದು ಅವನಿಗೆ ಪೂರ್ತಿ ಕೇಳಿಸಿತು. ಆಮೇಲೆ ಕಿವಿಯೂ ಹೋಯಿತು.