ಹೆಸರಿಗಷ್ಟೇ ಅನುಮತಿ

‘ಅನುಮತಿ ಇಲ್ಲ.’

ಪರದೆಯ ಮೇಲೆ ಮೂರನೇ ಬಾರಿ ಅದೇ ಮೂಡಿದಾಗ ನಕ್ಷೆ ಬಿಡಿಸುವವಳಿಗೆ ಮೈಯೆಲ್ಲ ಉರಿದುಹೋಯಿತು. ಶಾಲಾ ಅಟ್ಲಾಸಿನ ನಲವತ್ತನೇ ಪುಟ ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ ನದಿಯೊಂದು ಸಮುದ್ರ ಸೇರುವ ಮೊದಲೇ ಮಾಯವಾಗಿದೆ. ತಿದ್ದಿ ಸೇವ್ ಮಾಡಲು ಹೋದರೆ, ಎರಡು ವರ್ಷ ತಾನೇ ದುಡಿದ ಫೋಲ್ಡರಿನಲ್ಲಿ ತನಗೇ ಜಾಗವಿಲ್ಲ. ನೋಡಬಹುದಂತೆ, ಮುಟ್ಟುವಂತಿಲ್ಲವಂತೆ!

ಇದು ಸರ್ವರ್ ನೋಡಿಕೊಳ್ಳುವವನದೇ ಕೆಲಸ. ಯಾವ ಫೈಲನ್ನು ಯಾರು ಓದಬೇಕು, ಯಾರು ತಿದ್ದಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಹಾಗಾಗಿ ಆಫೀಸಿಗೆಲ್ಲ ಅವನು ಬೀಗಪ್ಪ. ಇದೇ ಬೀಗಪ್ಪ ಸೋಮವಾರ ಮೆಟ್ಟಿಲ ಬಳಿ ಅವಳನ್ನು ತಡೆದು, ಕಿವಿಯವರೆಗೂ ಕೆಂಪಾಗಿ, “ನನ್ನ ಮದುವೆ ಆಗ್ತೀರಾ?” ಎಂದು ಕೇಳಿದ್ದ. “ಯೋಚಿಸಿ ಹೇಳ್ತೀನಿ” ಎಂದಿದ್ದಳು. ಗುರುವಾರಕ್ಕೆ ಬೀಗ ಬಿದ್ದಿದೆ.

ಅವಳ ಕಣ್ಣು ತುಂಬಿದ್ದು ನದಿಗಾಗಿ ಅಲ್ಲ. ಇವತ್ತು ಸಂಜೆ ಹೂಂ ಅನ್ನಬೇಕೆಂದು ಬೆಳಿಗ್ಗೆಯೇ ತೀರ್ಮಾನಿಸಿ ಅಕ್ಕನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟಿದ್ದಳು. “ಹಾಗಾದ್ರೆ ಬೀಗಪ್ಪನ ಮನೆಯವರೇ ನಮಗೆ ಬೀಗರು ಅನ್ನು!” ಎಂದು ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಮೂರು ದಿನ ಕಾಯಲಾಗದೆ ಸೇಡು ತೀರಿಸಿಕೊಳ್ಳುವ ಇಂಥವನ ಜೊತೆ ಬಾಳುವುದು ಹೇಗೆ?

ಸರ್ವರ್ ಕೋಣೆಯ ಬಾಗಿಲನ್ನು ಅವಳು ತಳ್ಳಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗಾಡಿತು. ಏಸಿಯ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತಿದ್ದವನು ಅವಳನ್ನು ಕಂಡು ಮುಖವರಳಿಸಿದ. ಅದು ಇನ್ನಷ್ಟು ಸಿಟ್ಟು ತರಿಸಿತು.

“ಹಲ್ಲು ಕಿರೀಬೇಡ! ಹೂಂ ಅನ್ಲಿಲ್ಲ ಅಂತ ನನ್ನ ಫೋಲ್ಡರಿಗೇ ಬೀಗ ಹಾಕ್ತೀಯಾ? ಇಷ್ಟೇನಾ ನಿನ್ನ ಯೋಗ್ಯತೆ?”

ಎರಡು ವರ್ಷದ ‘ನೀವು’ ಒಂದೇ ಏಟಿಗೆ ಹಾರಿಹೋಗಿತ್ತು.

“ನಿಮಗಾ? ನಿಮಗೆ ನಾನ್ಯಾಕೆ ಬೀಗ ಹಾಕ್ಲಿ? ಬೇಕಾದ್ರೆ ನೋಡಿ.”

ಅವನು ಪಟಪಟನೆ ಏನೋ ಟೈಪ್ ಮಾಡಿ ಪರದೆಯನ್ನು ಅವಳತ್ತ ತಿರುಗಿಸಿದ. ಫೋಲ್ಡರಿನ ಅನುಮತಿಗಳ ಪಟ್ಟಿ. ಮಾಲೀಕ, ಗುಂಪು, ಉಳಿದವರು. ನಡುವೆ ಒಂದೇ ಒಂದು ಹೆಸರು, ಅವಳದು. ಅವಳು ಗುತ್ತಿಗೆಯವಳು. ನಕ್ಷೆ ವಿಭಾಗದ ಗುಂಪಿಗೆ ಅವಳನ್ನು ಸೇರಿಸಲು ಮೇಲಿನವರು ಒಪ್ಪದಿದ್ದಾಗ, ಅವಳೊಬ್ಬಳಿಗೆಂದೇ ಅವನು ಆ ಸಾಲನ್ನು ಸೇರಿಸಿದ್ದ. ಓದು, ಬರೆ, ಒಳಗೆ ಬಾ.

“ಇದೆಯಲ್ಲ, ಪೂರ್ತಿ ಹಕ್ಕು!” ಎಂದ.

“ಪಕ್ಕದಲ್ಲಿರೋದನ್ನೂ ಓದು.”

ಪಕ್ಕದಲ್ಲಿ ನಿಜವಾಗಿ ಜಾರಿಯಲ್ಲಿರುವುದೇನೆಂದು ಬರೆದಿತ್ತು. ಓದು, ಒಳಗೆ ಬಾ. ‘ಬರೆ’ ಇರಬೇಕಾದಲ್ಲಿ ಒಂದು ಅಡ್ಡಗೆರೆ.

ಅವನು ಹಣೆ ಹಣೆ ಚಚ್ಚಿಕೊಂಡ. “ಅಯ್ಯೋ, ಮಾಸ್ಕ್!”

ಗುಂಪಿನವರು ಅವಳ ನಕ್ಷೆಯ ಮೇಲೆ ಹಳೇ ಪ್ರತಿ ಹಾಕಿ ಮೂರು ಸಲ ನದಿ ಅಳಿಸಿದ್ದರು. ಕಳೆದ ವಾರ ಅವಳು ಅದನ್ನು ಇವನ ಮುಂದೆಯೇ ಹೇಳಿಕೊಂಡು ಅತ್ತಿದ್ದಳು. ನಿನ್ನೆ ಅವನು ಹಳೇ ಅಭ್ಯಾಸದಂತೆ ಒಂದು ಕಮಾಂಡ್ ಕೊಟ್ಟು ಗುಂಪಿನ ಬರೆಯುವ ಹಕ್ಕನ್ನು ತೆಗೆದಿದ್ದ. ಹೆಸರು ಹಾಕಿ ಅನುಮತಿ ಕೊಟ್ಟ ಫೋಲ್ಡರಿನಲ್ಲಿ ಆ ಕಮಾಂಡ್ ಬದಲಿಸುವುದು ಮಾಸ್ಕನ್ನು, ಎಂದರೆ ಗುಂಪಿಗೂ ಹೆಸರಿದ್ದವರಿಗೂ ಒಟ್ಟಿಗೆ ಹಾಕಿದ ಮಿತಿಯನ್ನು. ಮಾಸ್ಕ್ ಬಿಡದ ಕೆಲಸವನ್ನು ಗುಂಪಿನವರಷ್ಟೇ ಅಲ್ಲ, ಹೆಸರಿದ್ದವರೂ ಮಾಡುವಂತಿಲ್ಲ.

“ನಿಮ್ಮ ನದಿ ಕಾಯೋಕೆ ಹೋಗಿ ನಿಮ್ಮನ್ನೇ ಹೊರಗೆ ನಿಲ್ಲಿಸ್ಬಿಟ್ಟೆ” ಎಂದ ಪೆಚ್ಚಾಗಿ.

ಸೇಡಲ್ಲ ಎಂದು ತಿಳಿದು ಅವಳ ಎದೆ ಹಗುರಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಕಾಯಿ ಅಂತ ನಾನು ಹೇಳಿದ್ನಾ? ನನ್ನ ಫೋಲ್ಡರ್, ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಪಟ್ಟಿಯಲ್ಲಿ ನನ್ನ ಹೆಸರು ಬರೀ ಹೆಸರಿಗಷ್ಟೇನಾ? ಮದುವೆ ಆದ್ಮೇಲೂ ಹೀಗೇನಾ, ನನ್ನ ಒಳ್ಳೇದಕ್ಕೆ ಅಂತ ಬಾಗಿಲು ಹಾಕ್ಕೊಂಡು ಹೋಗೋದು?”

ಅವನು ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. “ತಪ್ಪಾಯ್ತು. ಕೇಳ್ಬೇಕಿತ್ತು. ಈಗ ಕೇಳ್ತೀನಿ. ಗುಂಪಿಗೆ ಏನಿರ್ಲಿ?”

“ನೋಡೋದು ಮಾತ್ರ.”

“ಮಾಸ್ಕಿಗೆ?”

“ಎಲ್ಲಾ.”

ನಿಂತೇ ಬಗ್ಗಿ ಟೈಪ್ ಮಾಡಿದ. ಎಂಟರ್ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದ. “ಒತ್ಲಾ?”

“ಒತ್ತು.”

ಮೂರೂ ಮುಕ್ಕಾಲಿಗೆ ನದಿ ಸಮುದ್ರ ಸೇರಿತು. ಪುಟ ಅಚ್ಚಿಗೆ ಹೋದ ಮೇಲೆ ಅವನು ಮೆಲ್ಲಗೆ ಅವಳ ಮೇಜಿನ ಬಳಿ ಬಂದ.

“ಆಗ ‘ಮದುವೆ ಆದ್ಮೇಲೂ’ ಅಂದ್ರಿ. ‘ನೀನು’ ಅಂತಾನೂ ಅಂದ್ರಿ.”

“ಸಿಟ್ಟಲ್ಲಿ ಬಂತು.”

“ವಾಪಸ್ ತಗೋತೀರಾ?”

ಅವಳು ಕಣ್ಣು ದೊಡ್ಡದು ಮಾಡಿ ಗದರಿದಳು. ತುಟಿಯಂಚಿನ ನಗುವನ್ನು ಮಾತ್ರ ಮುಚ್ಚಿಡಲಾಗಲಿಲ್ಲ. “ಕೊಟ್ಟಿದ್ದನ್ನ ಕೇಳದೆ ಕಿತ್ಕೊಳ್ಳೋ ಚಾಳಿ ನಿಂದು, ನಂದಲ್ಲ.”

ಅವನ ಕಿವಿ ಮತ್ತೆ ಕೆಂಪಾಯಿತು. “ನಾನೂ ‘ನೀನು’ ಅನ್ಲಾ?”

“ಕೇಳಿದ್ಯಲ್ಲ. ಅನ್ನು.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ. “ಏನೇ ಆಯ್ತು? ಹೂಂ ಅಂದ್ಯಾ?”

“ಬೀಗರು ಸಿಕ್ಕಿದ್ರು ಅಂತ ಅಮ್ಮಂಗೆ ಹೇಳು” ಎಂದಳು ಅವನನ್ನೇ ನೋಡುತ್ತ. “ಬೀಗದ ಕೈ ಮಾತ್ರ ಇಬ್ಬರ ಹತ್ರಾನೂ ಇರುತ್ತೆ.”