ಫರಸಿಗೆ ಮೇವು ಹಾಕಿದವಳು

“ನಿಮ್ಮ ಕುದುರಿ ಓಡೂ ಬಯಲಿನ ಬೇಲಿ ನಾ ನೋಡೀನಿ. ನೀವು ಬೆಂಗಳೂರಿನವರಲ್ಲ.”

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಆ ಎರಡು ಕನ್ನಡ ಸಾಲು ಕಂಪ್ಯೂಟರಿನ ಪರದೆಯ ಮೇಲೆ ಕಂಡಾಗ ಯಶೋಧರಾಳ ಎದೆ ಧಸಕ್ಕೆಂದಿತು.

ಅವಳು ಮೊದಲು ಪರದೆಯ ಗುಂಡಿ ಒತ್ತಿ ಕತ್ತಲು ಮಾಡಿದಳು. ಆಮೇಲೆ ತಿರುಗಿ ನೋಡಿದಳು. ವಾಡಿ ಸ್ಟೇಷನ್ ರಸ್ತೆಯ ಆ ಪುಟ್ಟ ನೆಟ್ ಸೆಂಟರಿನಲ್ಲಿ ಅವಳನ್ನು ಬಿಟ್ಟರೆ ಇದ್ದವರು ಅದರ ಒಡತಿ ಖುರ್ಷಿದಬೇಗಂ ಒಬ್ಬರೇ. ಅವರು ಫೋನಿನ ಬೂತಿಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಯಾಕ ಬೇಟಿ, ಕುದುರಿ ಒದೀತೇನು?”

“ಇಲ್ಲ ಖಾಲಾ.”

“ಮತ್ತ ಮಾರಿ ಯಾಕ ಸುಣ್ಣ ಬಳದಂಗ ಆಗ್ಯಾದ?”

ಯಾರಿವನು...? ಎಲ್ಲಿಂದ ನೋಡುತ್ತಿದ್ದಾನೆ...? ಯಶೋಧರಾ ಟೇಬಲ್ಲಿನ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕತೊಡಗಿದಳು.

ಇದು ೨೦೦೫ರ ಮಾತು. ಯಶೋಧರಾ ವಾಡಿಯ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಟೀಚರ್. ಅಪ್ಪ ಭಗವಂತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದವನು. ಶಾಲೆ, ಮನೆ, ಮತ್ತೆ ಶಾಲೆ... ಹುಡುಗಿಯ ಬದುಕು ಇಷ್ಟೇ ಎಂದು ಓಣಿಯ ಜನ ತಿಳಿದಿದ್ದರು. ಅವರಿಗೆ ತಿಳಿಯದ ಸಂಗತಿ ಒಂದಿತ್ತು. ಇಂಟರ್‌ನೆಟ್ಟಿನಲ್ಲಿ ಅವಳು ಒಂದು ಕುದುರೆ ಕ್ಲಬ್ ನಡೆಸುತ್ತಿದ್ದಳು.

ಸುಳ್ಳುಸುಳ್ಳು ಕುದುರೆಗಳ ಕ್ಲಬ್ಬು ಅದು. ಸದಸ್ಯರಲ್ಲಿ ಒಬ್ಬರ ಹತ್ತಿರವೂ ನಿಜವಾದ ಕುದುರೆ ಇಲ್ಲ. ಆದರೂ ಒಬ್ಬೊಬ್ಬರಿಗೆ ಒಂದೊಂದು ಕುದುರೆ, ಅದಕ್ಕೊಂದು ಹೆಸರು, ಬಣ್ಣ, ಹಟ. ಪ್ರತಿ ಭಾನುವಾರ ಸದಸ್ಯರು ಬಂದು ‘ಇವತ್ತು ಹುರುಳಿ ಹಾಕಿದೆ, ಮೈ ಉಜ್ಜಿದೆ’ ಎಂದು ಬರೆಯಬೇಕು. ಆಮೇಲೆ ಯಶೋಧರಾ ಚೀಟಿ ಎತ್ತಿ ಗೆದ್ದ ಕುದುರೆಯನ್ನು ಆರಿಸುತ್ತಿದ್ದಳು. ಇಲ್ಲದ ಬಯಲಿನಲ್ಲಿ ನಡೆಯದ ಆ ಓಟವನ್ನು ಧೂಳು ಕಣ್ಣಿಗೆ ಬೀಳುವ ಹಾಗೆ ಬಣ್ಣಿಸುತ್ತಿದ್ದಳು. ಮೈಸೂರು, ಹುಬ್ಬಳ್ಳಿ, ದುಬೈಯಲ್ಲೆಲ್ಲ ಜನ ಅದನ್ನು ಓದಲು ಕಾದಿರುತ್ತಿದ್ದರು.

ಕ್ಲಬ್ಬಿಗೆ ಒಂದೇ ಒಂದು ಕಠಿಣ ನಿಯಮ. ಮೂರು ಭಾನುವಾರ ಮೇವು ಹಾಕದಿದ್ದರೆ ಆ ಕುದುರೆಯನ್ನು ಬಯಲಿಗೆ ಬಿಡಲಾಗುತ್ತದೆ. ಬೇರೆ ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ದಾಕ್ಷಿಣ್ಯದ ಮಾತೇ ಇಲ್ಲ.

ಮೊದಲ ಪುಟದಲ್ಲಿ ಕುದುರೆಯ ದೊಡ್ಡ ಚಿತ್ರ. ಅದರ ಕೆಳಗೆ ಕ್ಲಬ್ ನಡೆಸುವವರ ಹೆಸರು: ಶ್ರೀವಾಣಿ, ಬೆಂಗಳೂರು.

ಕುದುರೆಗಳು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಹೆಸರು ಸುಳ್ಳೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಸುಳ್ಳಿಗೊಂದು ಕಾರಣವಿತ್ತು. ಟೀಚರ್ ತರಬೇತಿಯ ದಿನಗಳಲ್ಲಿ ಶುಭಾ ಎಂಬ ಗೆಳತಿಯಿದ್ದಳು. ವರ್ಷವಿಡೀ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಒಂದು ದಿನ ಮನೆ ನೋಡುತ್ತೇನೆಂದು ಶುಭಾ ಜೊತೆಗೇ ಬಂದಳು. ಓಣಿಯ ಬಾಯಿಯಲ್ಲಿ ಕಮಾನು, ಕಮಾನಿನ ಮೇಲೆ ನೀಲಿ ಬಣ್ಣದ ‘ಭೀಮನಗರ’. ದಲಿತರ ಓಣಿಯೆಂದು ಈ ಕಡೆಯವರಿಗೆ ಆ ಹೆಸರೇ ಹೇಳುತ್ತದೆ. ಶುಭಾ ಅದನ್ನು ಓದಿ ಅಲ್ಲೇ ನಿಂತಳು. ಯಾಕೋ ಹೊಟ್ಟೆ ಸರಿ ಇಲ್ಲ, ಇನ್ನೊಂದು ಸಲ ಬರುತ್ತೇನೆ ಎಂದು ತಿರುಗಿ ಹೋದಳು. ಮರುದಿನ ಬೇರೆ ಬೆಂಚಿನಲ್ಲಿ ಕುಳಿತಳು.

ಜಗಳವಿಲ್ಲ, ಬೈಗುಳವಿಲ್ಲ. ಬೈದಿದ್ದರೆ ಯಶೋಧರಾ ತಿರುಗಿ ಬೈಯುತ್ತಿದ್ದಳು. ಸುಮ್ಮನಾದವರಿಗೆ ಏನೆಂದು ಹೇಳುವುದು...?

ಕುದುರೆಗಳು ಮಾತ್ರ ಯಾವ ಓಣಿಯವಳು ಎಂದು ಕೇಳುತ್ತಿರಲಿಲ್ಲ.

ಬೇಲಿಯ ಮಾತು ಬರೆದವನ ಹೆಸರು ರಘುವೀರ. ಕ್ಲಬ್ಬಿಗೆ ಹೊಸಬ. ಅವನದು ಬೂದು ಬಣ್ಣದ ಗಂಡು ಕುದುರೆ, ಹೆಸರು ಫರಸಿ. ಶಹಾಬಾದಿನ ಹಾಸುಗಲ್ಲಿಗೆ ಇಲ್ಲಿಯ ಜನ ಕರೆಯುವ ಹೆಸರೇ ಅದು. ಆ ಹೆಸರು ಕಂಡಾಗಲೇ ತಾನು ಎಚ್ಚರಾಗಬೇಕಿತ್ತು ಎಂದು ಯಶೋಧರಾಳಿಗೆ ಈಗ ಅನ್ನಿಸಿತು. ಒಂದು ವಾರ ನೆಟ್ ಸೆಂಟರಿನ ಕಡೆ ಸುಳಿಯಲಿಲ್ಲ. ಕೊನೆಗೆ ಧೈರ್ಯ ಮಾಡಿ, ಯಾವ ಬೇಲಿ ಎಂದಷ್ಟೇ ಕೇಳಿದಳು.

ಅವನ ಉತ್ತರ ಸರಳವಾಗಿತ್ತು. ಹೋದ ಸಲದ ಓಟದಲ್ಲಿ ಕುದುರೆಗಳು ಹಾಸುಗಲ್ಲು ನಿಲ್ಲಿಸಿ ಕಟ್ಟಿದ ಬೇಲಿಯ ಪಕ್ಕ ಓಡಿದ್ದವು. ಹೊಲಕ್ಕೆ ಹಾಗೆ ಕಲ್ಲು ನಿಲ್ಲಿಸುವವರು ನಮ್ಮ ಕಡೆಯವರೇ. ನಾನು ಸೇಡಂನವನು, ಚಿಮ್ಮನಚೋಡದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ, ಭಾನುವಾರ ಊರಿಗೆ ಬಂದಾಗ ಮಾತ್ರ ನೆಟ್ ನೋಡುತ್ತೇನೆ. ಯಾರಿಗೂ ಹೇಳುವುದಿಲ್ಲ. ಅಂಜಬೇಡಿ.

ಅಂಜಬೇಡಿ ಎಂದವರಿಗೇ ಹೆಚ್ಚು ಅಂಜಬೇಕು ಎಂದು ಅವಳ ಅವ್ವ ಅನಸುಬಾಯಿ ಹೇಳುತ್ತಿದ್ದಳು. ಆದರೆ ಅವನು ಮಾತಿಗೆ ತಪ್ಪಲಿಲ್ಲ. ವಾರ ವಾರವೂ ಬರೆದ. ಫರಸಿ ಇವತ್ತು ಹುರುಳಿ ಮುಟ್ಟಲಿಲ್ಲ, ಶೇಂಗಾದ ಹೊಟ್ಟು ಬೇಕಂತೆ. ಫರಸಿಯನ್ನು ನಿಮ್ಮ ಮಂದಾರಳ ಪಕ್ಕದಲ್ಲೇ ಕಟ್ಟಬೇಕಂತೆ... ಮಂದಾರ ಯಶೋಧರಾಳ ಕುದುರೆ. ಅದನ್ನು ಓದಿದ ದಿನ ಅವಳು ಪರದೆಯ ಎದುರು ಒಬ್ಬಳೇ ನಕ್ಕಳು. ಖುರ್ಷಿದಬೇಗಂ ಕತ್ತೆತ್ತಿ ನೋಡಿ ಮತ್ತೆ ಬೆಳ್ಳುಳ್ಳಿಗೆ ತಿರುಗಿದರು.

ತಿಂಗಳುಗಳು ಕಳೆದವು. ತಾನು ವಾಡಿಯವಳೆಂದು ಹೇಳಿದಳು. ಖುರ್ಷಿದಬೇಗಂ ಅವರ ಬಗ್ಗೆ, ರೈಲುಗಾಡಿ ಬಂದಾಗ ಅಲುಗಾಡುವ ಟೇಬಲ್ಲಿನ ಬಗ್ಗೆ ಬರೆದಳು. ಹೆಸರು ಮಾತ್ರ ಶ್ರೀವಾಣಿಯೇ ಉಳಿಯಿತು. ಅವನೂ ತನ್ನ ಮನೆಯ ಸುದ್ದಿ ಬರೆದ. ತಂದೆ ಗೋಪಾಲಾಚಾರ್ಯರು ಗುಡಿಯ ಪೂಜೆ ಮಾಡುವವರು, ತಾಯಿ ಸುಮಿತ್ರಾಬಾಯಿ ಮಡಿ ಬಿಟ್ಟು ಬದುಕಿದವರಲ್ಲ.

ಅದನ್ನು ಓದಿದ ದಿನ ಅವಳಿಗೆ ಅನ್ನ ಸೇರಲಿಲ್ಲ. ಅವನ ಮೇಲೆ ಜೀವ ಎಷ್ಟು ಬೆಳೆದಿತ್ತೋ ಅಂಜಿಕೆಯೂ ಅಷ್ಟೇ ಬೆಳೆದಿತ್ತು.

ಒಂದು ಭಾನುವಾರ ಅವನು ಕೇಳಿಯೇ ಬಿಟ್ಟ. ಒಂದ್ಸಲ ವಾಡಿಗೆ ಬರಲೇ? ನಿಮ್ಮನ್ನು ನೋಡಬೇಕು.

ಬರಲಿ... ಆದರೆ ತಿಳಿದು ಬರಲಿ. ಕಮಾನಿನ ತನಕ ಬಂದು ತಿರುಗಿ ಹೋಗುವ ಬೆನ್ನು ಇನ್ನೊಂದನ್ನು ನಾನು ನೋಡಲಾರೆ.

ಅವತ್ತೇ ಅವಳು ಕ್ಲಬ್ಬಿನ ಮೊದಲ ಪುಟ ತೆರೆದು ಶ್ರೀವಾಣಿಯನ್ನು ಅಳಿಸಿದಳು. ಆ ಜಾಗದಲ್ಲಿ ಬರೆದಳು: ಯಶೋಧರಾ ಭಗವಂತ, ಭೀಮನಗರ, ವಾಡಿ.

ಮೈಸೂರಿನವರಿಗೆ, ದುಬೈಯವರಿಗೆ ಅದು ಬರೀ ವಿಳಾಸ. ಹೊಸ ಹೆಸರು ಚಂದ ಇದೆ ಎಂದು ಒಬ್ಬರು ಬರೆದರು, ಅಷ್ಟೇ. ಸೇಡಂನವನಿಗೆ ಮಾತ್ರ ಬೇರೇನೂ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಫರಸಿ ಉಪವಾಸ ಬಿತ್ತು.

ಅದರ ಮುಂದಿನ ಭಾನುವಾರವೂ ಬರಲಿಲ್ಲ.

ತಿಳಿಯಿತು... ಇವನಿಗೂ ಹೊಟ್ಟೆ ಸರಿ ಇಲ್ಲ.

ಅಳು ಬರಲಿಲ್ಲ, ಭಯವೇ ಬಂತು. ಈಗ ಪಕ್ಕದ ಊರಿನ ಒಬ್ಬ ಗಂಡಸಿಗೆ ತನ್ನ ಹೆಸರು, ಓಣಿ, ಕೂರುವ ಜಾಗ ಎಲ್ಲ ಗೊತ್ತು. ಶಾಲೆಗೆ ಬಂದು ಹೇಳಿದರೆ? ಅಪ್ಪನ ಕಿವಿಗೆ ಬಿದ್ದರೆ? ಶಾಲೆಯ ಗೇಟಿನಲ್ಲಿ ಹೊಸ ಮುಖ ಕಂಡರೆ ಸಾಕು, ಅವಳ ಬಾಯಿ ಒಣಗುತ್ತಿತ್ತು.

ಮೂರನೇ ಭಾನುವಾರ ಸಂಜೆ ನಿಯಮದ ಪ್ರಕಾರ ಫರಸಿಯನ್ನು ಬಯಲಿಗೆ ಬಿಡಬೇಕಿತ್ತು. ಆ ಬೂದು ಕುದುರೆ ನನಗೆ ಕೊಡಿ ಎಂದು ಹುಬ್ಬಳ್ಳಿಯವರು ಆಗಲೇ ಕೇಳಿದ್ದರು. ಯಶೋಧರಾ ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಳು. ಆಮೇಲೆ ಕ್ಲಬ್ ನಡೆಸುವವರಿಗೆ ಮಾತ್ರ ಇರುವ ಪಾಸ್‌ವರ್ಡ್ ಹಾಕಿ ಫರಸಿಯ ಲಾಯಕ್ಕೆ ಹೋಗಿ ಬರೆದಳು: ‘ಇವತ್ತು ಹುರುಳಿ ಹಾಕಿದೆ. ಮೈ ಉಜ್ಜಿದೆ.’

“ಬಿಟ್ಟ್ ಹೋದವನ ಕುದುರಿಗಿ ನೀ ಯಾಕ ಹಾಕಲಿಕತ್ತಿ?” ಇಷ್ಟು ದಿನ ಎಲ್ಲ ಗಮನಿಸಿದ್ದ ಖುರ್ಷಿದಬೇಗಂ ಹಿಂದೆ ನಿಂತು ಕೇಳಿದರು.

“ಹಸದಿರ್ತದ ಖಾಲಾ.”

“ಇಲ್ಲದ ಕುದುರಿ?”

“ಹೂಂ.”

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವಳು ಮಂದಾರಳ ಜೊತೆಗೆ ಫರಸಿಗೂ ಮೇವು ಹಾಕಿದಳು.

ಅಂಥದೇ ಒಂದು ಭಾನುವಾರ ಸೇಡಂ ಕಡೆಯ ಪ್ಯಾಸೆಂಜರ್ ಬಂದು ಹೋದ ಮೇಲೆ ಯಶೋಧರಾ ನೆಟ್ ಸೆಂಟರಿಗೆ ಬಂದಳು. ಬಾಗಿಲಿಗೆ ಒಂದು ಊರುಗೋಲು ಒರಗಿತ್ತು. ಒಳಗೆ ಕುರ್ಚಿಯಲ್ಲಿ ಕಾಲು ನೀಡಿ ಕುಳಿತಿದ್ದ ತೆಳ್ಳನೆಯ ಗಂಡಸು, ‘ನಿಮ್ಮ ಕುದುರಿಯಾಕಿ ಬಂದ್ಲು’ ಎಂದು ಖುರ್ಷಿದಬೇಗಂ ಹೇಳಿದೊಡನೆ ಗೋಡೆ ಹಿಡಿದು ಎದ್ದು ನಿಂತ.

“ನಾ ರಘುವೀರ.”

ಓದಿದ್ದಾನೆ... ಓದಿಯೂ ಬಂದಿದ್ದಾನೆ... ಅವಳ ಕಣ್ಣು ಮಂಜಾಯಿತು.

“ಶ್ರೀವಾಣಿಯವರ, ನನ್ನ ಮ್ಯಾಲ ಭಾಳ ಸಿಟ್ಟಾಗೀರೇನು?”

ಶ್ರೀವಾಣಿಯವರು! ಒಳಗೆ ಎದ್ದಿದ್ದ ಸಂತೋಷ ನಿಂತಲ್ಲೇ ಕುಸಿಯಿತು. ಅವನಿಗೇನೂ ಗೊತ್ತಿಲ್ಲ. ಅವನು ಏನನ್ನೂ ಓದಿಲ್ಲ.

ಅವನು ಎಲ್ಲ ಹೇಳಿದ. ಚಿಂಚೋಳಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಬೈಕಿನಿಂದ ಬಿದ್ದದ್ದು, ಕಾಲು ಮುರಿದು ಸೇಡಂನ ಮನೆಯಲ್ಲಿ ಮಲಗಿದ್ದು. ಅಲ್ಲಿಯ ನೆಟ್ ಸೆಂಟರ್ ಮೇಲಂತಸ್ತಿನಲ್ಲಿತ್ತು, ಮೆಟ್ಟಿಲು ಹತ್ತುವಂತಿರಲಿಲ್ಲ.

“ಯಾರನ್ನರ ಕಳಸಬೇಕಿಲ್ಲೇನು?” ಖುರ್ಷಿದಬೇಗಂ ಸುಮ್ಮನಿರದೆ ಕೇಳಿದರು.

“ಏನಂತ ಕಳಸಲ್ರಿ ಅಮ್ಮಾ? ನನ್ನ ಕುದುರಿಗಿ ಹುರುಳಿ ಹಾಕಿ ಬರ್ರಿ ಅಂತೇನು? ತಲಿಗೂ ಪೆಟ್ಟು ಬಿದ್ದದ ಅಂತಿದ್ರು.”

ಬೇರೆ ದಿನವಾಗಿದ್ದರೆ ಯಶೋಧರಾ ನಗುತ್ತಿದ್ದಳು. ಅವನು ಅವಳ ಮುಖ ನೋಡಿ, ತಗ್ಗಿದ ದನಿಯಲ್ಲಿ ಫರಸಿ ಯಾರ ಪಾಲಾಯಿತು ಎಂದು ಕೇಳಿದ. ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ ಕಂಪ್ಯೂಟರಿನ ಎದುರು ಕುಳಿತು ಕ್ಲಬ್ಬಿನ ಪುಟ ತೆರೆದ.

ಪುಟ ಯಾವಾಗಲೂ ಮೇಲಿನಿಂದ ಸಾವಕಾಶ ಇಳಿಯುತ್ತಿತ್ತು. ಮೊದಲು ಕುದುರೆಯ ಕಿವಿ... ಆಮೇಲೆ ಹಣೆ... ಕಣ್ಣು...

ಯಶೋಧರಾ ಅವನ ಹಿಂದೆ ನಿಂತು ನೋಡುತ್ತಿದ್ದಳು. ಕೊರಳು ಬಂತು. ಹೊಟ್ಟೆ ಬಂತು. ಇನ್ನು ಕಾಲು, ಗೊರಸು... ಅದರ ಕೆಳಗೆ ಅವಳ ಹೆಸರು. ಅವನ ಬೆನ್ನನ್ನೇ ನೋಡಿದಳು. ಇನ್ನೊಂದು ಗಳಿಗೆಯಲ್ಲಿ ಈ ಬೆನ್ನು ಏನಾಗುತ್ತದೆ...?

ಗೊರಸು ಮೂಡುವಷ್ಟರಲ್ಲಿ ಕರೆಂಟ್ ಹೋಯಿತು.

“ತೊಗೋರಿ, ಇನ್ನ ಒಂದು ತಾಸು ಬರೂದಿಲ್ಲ,” ಎಂದು ಗೊಣಗುತ್ತಾ ಖುರ್ಷಿದಬೇಗಂ ಚಹಾ ಇಡಲು ಒಳಗೆ ಹೋದರು.

ಯಶೋಧರಾ ಉಸಿರು ಬಿಟ್ಟಳು. ಉಳಿದೆ... ಕರೆಂಟ್ ಬರುವುದರೊಳಗೆ ಅವನು ಗಾಡಿ ಹತ್ತಿದರೆ ಸಾಕು. ಹೆಸರನ್ನು ಮತ್ತೆ ಶ್ರೀವಾಣಿ ಮಾಡಿಬಿಡಬಹುದು. ಅವನು ಪ್ರತಿ ಭಾನುವಾರ ಬರೆಯುತ್ತಾನೆ. ಶ್ರೀವಾಣಿಗೆ ಬರೆಯುತ್ತಾನೆ.

ಮತ್ತೆ ಯಶೋಧರಾ? ಅವಳು ಎಲ್ಲಿ ಹೋಗಬೇಕು?

“ನಾ ಶ್ರೀವಾಣಿ ಅಲ್ರಿ.” ಅವಳು ಅವನ ಕುರ್ಚಿಯ ಹಿಂಬದಿ ಹಿಡಿದುಕೊಂಡಳು. “ನಾ ಯಶೋಧರಾ. ಭೀಮನಗರದಾಕಿ. ನಾವು ಬೌದ್ಧರು. ಈ ಪುಟದ ಮ್ಯಾಲ ಬರದೀನಿ. ನೀವು ಓದೀರಿ, ಅದಕ್ಕ ಬಿಟ್ರಿ ಅಂತ ತಿಳದಿದ್ದೆ.”

ಹೊರಗೆ ಗೂಡ್ಸ್ ಗಾಡಿಯೊಂದು ಹಾದುಹೋಗತೊಡಗಿತು. ಟೇಬಲ್ ಅಲುಗಾಡಿತು. ಗಾಡಿ ಮುಗಿಯುವ ತನಕ ಅವನು ಕತ್ತಲಾದ ಪರದೆಯನ್ನೇ ನೋಡುತ್ತಿದ್ದ. ಅದೇ ಮೌನ, ಶುಭಾಳ ಮೌನ... ಯಶೋಧರಾ ಕಣ್ಣು ಮುಚ್ಚಿದಳು.

“ಸುಳ್ಳು ಯಾಕ ಹೇಳ್ಲಿ, ನಮ್ಮನ್ಯಾಗ ಸುಲಭ ಇಲ್ಲ,” ಅವನ ದನಿ ಮೆಲ್ಲಗಿತ್ತು. “ನಮ್ಮಪ್ಪ ನನ್ನ ಜೋಡಿ ಮಾತು ಬಿಡಬಹುದು. ಅವ್ವ ಅಳ್ತಾಳ.”

“ಗೊತ್ತದ್ರಿ.”

“ಫರಸಿ ಯಾರಿಗಿ ಕೊಟ್ರಿ?”

ಅವಳು ಕಣ್ಣು ತೆರೆದಳು. “ಯಾರಿಗೂ ಕೊಟ್ಟಿಲ್ಲ.”

“ಮೂರು ಭಾನುವಾರದ ನಿಯಮ?”

“ಮುರದೀನಿ.”

“ಮೇವು ಯಾರು ಹಾಕಿದ್ರು?”

“ನಾನ.”

ಅವನು ಕುರ್ಚಿ ತಿರುಗಿಸಿ ಮೊದಲ ಸಲ ಅವಳನ್ನು ನೆಟ್ಟ ಕಣ್ಣಿನಿಂದ ನೋಡಿದ. “ನಾ ನಿಮ್ಮ ಓಣಿ ಹೆಸರು ಓದಿ ಬಿಟ್ಟು ಹೋಗೀನಿ ಅಂತ ತಿಳದಿದ್ರಿ. ಆದ್ರೂ ಹಾಕಿದ್ರಿ?”

ಅವಳು ಹೌದೆಂದು ತಲೆಯಾಡಿಸಿದಳು.

“ಹಾಕಿದಾಕಿ ಶ್ರೀವಾಣಿನೋ, ಯಶೋಧರಾನೋ?”

“ಯಶೋಧರಾ.”

ಅವನು ಗೋಡೆ ಹಿಡಿದು ಎದ್ದ. ಬಾಗಿಲಿಗೆ ಹೋಗಿ ಊರುಗೋಲು ತೆಗೆದುಕೊಂಡ. ಹೋಗುತ್ತಾನೆ ಎಂದೇ ಅವಳು ಅಂದುಕೊಂಡಳು.

“ನಡೀರಿ, ನಿಮ್ಮ ಮನಿ ತೋರಸ್ರಿ.”

ಚಹಾ ಹಿಡಿದು ಬಂದ ಖುರ್ಷಿದಬೇಗಂ ಇಬ್ಬರನ್ನೂ ನೋಡಿ, ಎರಡೂ ಕಪ್ಪು ನಾನೇ ಕುಡಿಯುತ್ತೇನೆ, ಹೋಗಿ ಎಂದರು.

ದಾರಿಯುದ್ದಕ್ಕೂ ಯಶೋಧರಾ ಅರ್ಧ ಹೆಜ್ಜೆ ಮುಂದೆ ನಡೆದಳು. ದೂರದಲ್ಲಿ ಕಮಾನು ಕಂಡಿತು, ನೀಲಿ ಅಕ್ಷರ ಕಂಡವು. ಊರುಗೋಲಿನ ಟಕ್ ಟಕ್ ಸದ್ದು ಅವಳ ಎದೆಯೊಳಗೇ ಬಡಿಯುತ್ತಿತ್ತು.

ಕಮಾನಿನ ಕೆಳಗೆ ಬಂದಾಗ ಅವನು ನಿಂತ.

ಕತ್ತೆತ್ತಿ ಹೆಸರು ಓದಿದ.

ಬೇಡ... ಇಲ್ಲಿ ಮಾತ್ರ ಬೇಡ...

“ಒಂದ್ ಸ್ವಲ್ಪ ತಡೀರಿ,” ಎಂದ ಅವನು, ಊರುಗೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. “ಬಗಲು ನೊಯ್ಲಿಕತ್ತದ.”

ಆಮೇಲೆ ಖಾಲಿಯಾದ ಬಲಗೈಯನ್ನು ಅವಳ ಕಡೆ ಚಾಚಿದ. ಬೀಳದ ಹಾಗೆ ಹಿಡಿದುಕೊಳ್ಳಲಿ ಎನ್ನುವಂತೆ. ಅವಳು ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು.

“ಅಂಜಿಕಿ ಆಗ್ಯಾದೇನ್ರಿ?” ಅವಳು ಕೇಳಿದಳು.

“ಭಾಳ. ನಿಮಗ?”

“ನನಗೂ ಭಾಳ.”

“ಹಂಗಾದ್ರ ಸಾವಕಾಶ ನಡೀರಿ, ಯಶೋಧರಾ.”

ಇಬ್ಬರೂ ಕಮಾನು ದಾಟಿದರು.