ತೂತಿಲ್ಲದ ಸೊಪ್ಪು

"ರೀ... ಈ ಸೊಪ್ಪು ಮಾವ ಬೆಳೆದಿದ್ದಲ್ಲ!"

ಸೌಂದರ್ಯಾ ಕೈಯಲ್ಲಿದ್ದ ದಂಟಿನ ಸೊಪ್ಪಿನ ಕಟ್ಟನ್ನು ಎತ್ತಿ ತೋರಿಸಿದಳು. ಶ್ರೀರಾಂಪುರದ ಆ ಪುಟ್ಟ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡ ಶಶಿ ತಲೆ ಎತ್ತಲಿಲ್ಲ. ಅವನು ಮನೆ ಮನೆಗೆ ಮಾರಿ ಉಳಿದ ಕಟ್ಟನ್ನು ಸಾರಿಗೆಂದು ಅವಳು ಬಿಚ್ಚಿದ್ದಳು. ಒಂದೊಂದೇ ಎಲೆ ತಿರುಗಿಸಿ ನೋಡಿದಳು. ಯಾವುದರಲ್ಲೂ ಹುಳ ತಿಂದ ತೂತಿಲ್ಲ! ಮದುವೆಯಾಗಿ ಬಂದಾಗಿನಿಂದ ಮಾವನ ಸೊಪ್ಪು ಸೋಸಿದವಳು ಅವಳು, ಅವಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ?

"ಮೆತ್ತಗೆ ಮಾತಾಡು," ಎಂದ ಶಶಿ. "ಮಾರ್ಕೆಟ್‌ದು. ಸಾಕಾ?"

"ಹಾಗಾದ್ರೆ ಬೆಳಿಗ್ಗೆ ಮಾವ ಕುಯ್ದು ಕಳಿಸಿದ್ದು?"

"ದಾರೀಲಿ ಹಸುಗಳಿಗೆ ಹಾಕ್ಬಿಡ್ತೀನಿ... ಇನ್ನೇನ್ ಮಾಡ್ಲಿ ಹೇಳು!"

ಅಯ್ಯೋ ದೇವರೇ! ಆ ಮುದುಕ ಆಂಜಿನಯ್ಯ ಬೆನ್ನು ಬಗ್ಗಿಸಿ ಬೆಳೆದ ಸೊಪ್ಪು ಬೀದಿ ಹಸುಗಳ ಪಾಲೇ? ಜಲಮಂಡಳಿಯಲ್ಲಿ ನೀರಿನ ವಾಲ್ವ್ ತಿರುಗಿಸುವ ಕೆಲಸ ಮಾಡಿ ರಿಟೈರ್ ಆದ ಮನುಷ್ಯ, ತಾವರೆಕೆರೆ ಕಡೆಯ ಅರ್ಧ ಎಕರೆಯನ್ನೇ ಪ್ರಾಣ ಅಂದುಕೊಂಡಿದ್ದರು. ಹುಳದ ಔಷಧಿ ಮುಟ್ಟಿದವರಲ್ಲ. ಬೇವಿನ ಕಷಾಯ, ಹುಳಿ ಮಜ್ಜಿಗೆ, ಬದುವಿನ ಸುತ್ತ ಚೆಂಡು ಹೂವು, ಅಷ್ಟೇ. ಆದರೆ ಅಕ್ಕಪಕ್ಕದವರು ಔಷಧಿ ಹೊಡೆದಾಗಲೆಲ್ಲ ಅಲ್ಲಿಯ ಹುಳವೆಲ್ಲ ಇವರ ಮಡಿಗೇ ಬರುತ್ತಿತ್ತು. ಚಾಮರಾಜಪೇಟೆಯ ಪ್ರಿಂಟಿಂಗ್ ಪ್ರೆಸ್ ಮುಚ್ಚಿ ಮಗ ಮನೆಯಲ್ಲಿ ಕೂತಾಗ, "ನಾನು ಬೆಳೀತೀನಿ, ನೀನು ಮಾರು" ಎಂದು ಧೈರ್ಯ ತುಂಬಿದವರೂ ಅವರೇ. 'ಔಷಧಿ ಹೊಡೆಯದ ಸೊಪ್ಪು' ಎಂಬ ಬೋರ್ಡನ್ನು ಸ್ಕೂಟರಿಗೆ ತಮ್ಮ ಕೈಯಾರೆ ಕಟ್ಟಿದ್ದರು. ಮಲ್ಲೇಶ್ವರದವರು ಮೊದಮೊದಲು ಮುಗಿಬಿದ್ದರು. ಆಮೇಲೆ ಶುರುವಾಯಿತು ರಾಗ! ಔಷಧಿ ಹೊಡೀಬಾರದಂತೆ, ಹುಳಾನೂ ತಿಂದಿರಬಾರದಂತೆ. ಎಂಥ ಜನವಪ್ಪಾ!

"ಏನ್ ಕೋರ್ಟ್ ನಡೀತಿದೆ ಇಲ್ಲಿ?" ಅತ್ತೆ ಬೈರಮ್ಮ ಒಳಗಿನಿಂದ ಬಂದಳು. ಅವಳಿಗೆಲ್ಲ ಗೊತ್ತಿತ್ತು! "ಆ ಮನುಷ್ಯ ಜೀವ ಇಟ್ಕೊಂಡಿರೋದೇ ಆ ಮಣ್ಣಲ್ಲಿ. ಇದನ್ನ ಕೇಳಿದ್ರೆ ಉಳೀತಾರಾ? ಬಸುರಿ ಅಂತ ಸುಮ್ನಿದೀನಿ. ಬಾಯಿ ಬಿಟ್ಟೆಯೋ, ತವರಿಗೆ ನಡಿ!"

ಸೌಂದರ್ಯಾ ಬಿಚ್ಚಿದ್ದ ಸೊಪ್ಪನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಇನ್ನೇನು ಮಾಡಿಯಾಳು? ಸಂಜೆ ಮಾವ ಹೊಲದಿಂದ ಬಂದು, ಅವಳಿಗೆಂದೇ ತಂದ ಕಟ್ಟನ್ನು ಕೈಗಿಟ್ಟರು. "ತೂತಿದೆ ಅಂತ ಬೇಜಾರು ಮಾಡ್ಕೋಬೇಡ ತಾಯಿ. ಹುಳ ತಿಂದು ಬದುಕಿದೆ ಅಂದ್ರೆ ನನ್ನ ಮೊಮ್ಮಗೂನೂ ತಿನ್ನಬಹುದು," ಎಂದು ನಕ್ಕರು. "ಮಲ್ಲೇಶ್ವರದವರು ಏನಂದ್ರಂತೆ?"

"ಚೆನ್ನಾಗಿದೆ ಅಂದ್ರಂತೆ ಮಾವ..." ಅಂದವಳೇ ಬಚ್ಚಲಿಗೆ ಹೋಗಿ ಅತ್ತಳು.

ಮುಂದಿನ ವಾರ ಅವಳನ್ನು ಮಲ್ಲೇಶ್ವರದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಶಶಿ ಸೊಪ್ಪು ಕೊಡಲು ಹೋಗಿದ್ದ. ಆಂಜಿನಯ್ಯ ಇಸ್ತ್ರಿ ಅಂಗಿ ತೊಟ್ಟು ತಾವೇ ಹೊರಟರು. ವಾಪಸ್ಸು ಬರುವಾಗ, "ಕಾವೇರಮ್ಮನವರ ಮನೆ ಇಲ್ಲೇ ಅಲ್ವಾ? ನನ್ನ ಸೊಪ್ಪು ತಿನ್ನೋರನ್ನ ಒಂದ್ಸಲ ನೋಡ್ಬೇಕು," ಎಂದರು. ಸೌಂದರ್ಯಾ ಸುಸ್ತು ಅಂದಳು, ತಲೆ ಸುತ್ತು ಅಂದಳು. "ಅಲ್ಲೇ ಒಂದು ಲೋಟ ನೀರು ಕುಡಿದ್ರಾಯ್ತು ನಡಿ," ಎಂದುಬಿಟ್ಟರು!

ಕಾವೇರಮ್ಮ ರಿಟೈರ್ಡ್ ಟೀಚರ್, ಬಾಯ್ತುಂಬ ಮಾತು. ಮಾವ ಹೆಸರು ಹೇಳಿಕೊಂಡಿದ್ದೇ ತಡ, ಒಳಗೆ ಕರೆದರು. "ಬನ್ನಿ ಆಂಜಿನಯ್ಯನವರೇ! ಮುಂಚೆ ನಿಮ್ಮ ಸೊಪ್ಪು ಜರಡಿ ಥರ ಇರ್ತಿತ್ತು. ಈಗ ನೋಡಿ ಎಷ್ಟು ಚೆಂದ! ಮಗಳು ಬಾಣಂತಿ, ದಿನಾ ಇದೇ ಅವಳಿಗೆ," ಎನ್ನುತ್ತ ಅಂದು ಬೆಳಿಗ್ಗೆ ಬಂದ ಕಟ್ಟನ್ನೇ ತಂದು ತೋರಿಸಿದರು.

ಮಾವ ಒಂದು ಎಲೆ ಹಿಡಿದರು. ತಿರುಗಿಸಿದರು. ಮೂಸಿದರು. ಅವರ ಮುಖದ ನಗು ಎಲ್ಲಿಗೆ ಹೋಯಿತೋ! ಸೌಂದರ್ಯಾಳಿಗೆ ತಡೆಯಲಾಗಲಿಲ್ಲ.

"ಅಮ್ಮಾ... ಅದು ನಮ್ಮದಲ್ಲ! ಮಾರ್ಕೆಟ್‌ದು. ಔಷಧಿ ಹೊಡೆದಿದ್ದು. ನಿಮಗೆ ಮೋಸ ಮಾಡಿದ್ವಿ... ಕ್ಷಮಿಸಿಬಿಡಿ!"

ಬೈಯುತ್ತಾರೆ, ಆಚೆಗೆ ಹೋಗಿ ಅನ್ನುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೇ ಚೆನ್ನಾಗಿತ್ತು! ಕಾವೇರಮ್ಮ ಕಟ್ಟನ್ನು ವಾಪಸ್ಸು ತೆಗೆದುಕೊಂಡರು. "ಹೋಗ್ಲಿ ಬಿಡಮ್ಮ, ಅಳಬೇಡ. ತೊಳೆದೇ ತಿಂತೀವಲ್ಲ. ಇನ್ಮೇಲೂ ಇಂಥದ್ದನ್ನೇ ಕಳಿಸಿ. ತೂತಿರೋದನ್ನ ನಮ್ಮ ಅಡುಗೆಯವಳು ಸೋಸೋದೇ ಇಲ್ಲ ಅಂತಾಳೆ."

ಮನೆಯಲ್ಲಿ ವಿಷಯ ತಿಳಿದು ಶಶಿ ಅಪ್ಪನ ಕಾಲಿಗೆ ಬಿದ್ದು ಬಿಕ್ಕಿದ. "ಅಪ್ಪಾ... ಹೊಡೆದುಬಿಡಿ ನನ್ನ!"

"ಎದ್ದೇಳು. ಆ ಬೋರ್ಡು ಕಿತ್ತಾಕು. ನಾಳೆ ಬರ್ತಾ ಔಷಧಿ ತಗೊಂಡ್ಬಾ, ಹೊಡಿಯೋ ಪಂಪೂ ತಗೊಂಡ್ಬಾ," ಎಂದರು ಆಂಜಿನಯ್ಯ. "ನಮ್ಮ ಮಡೀದೇ ಕೊಡೋಣ. ಹೊಡೆದಿದೀವಿ ಅಂತ ಹೇಳೇ ಕೊಡೋಣ. ಸುಳ್ಳು ಹೇಳ್ಕೊಂಡು ನೀನು ಬೀದಿ ಅಲೆಯೋದು ನನ್ನ ಕೈಲಿ ನೋಡಕ್ಕಾಗಲ್ಲ ಮಗಾ."

"ಅಯ್ಯೋ, ನಿಮ್ಮ ಕೈಯಾರೆ ಹೊಡೀತೀರಾ...!" ಗಟ್ಟಿ ಹೆಂಗಸು ಬೈರಮ್ಮ ಗಂಡನ ಕೈ ಹಿಡಿದುಕೊಂಡಳು.

ಸೌಂದರ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಮಾವ... ಒಂದೇ ಒಂದು ಮಡಿ ಹಾಗೇ ಬಿಡಿ. ಮನೆಗೆ... ನಮ್ಮ ಮಗೂಗೆ..."

ಆಂಜಿನಯ್ಯ ಅವಳನ್ನು ನೋಡಿದರು. ಕಣ್ಣು ತುಂಬಿ ಬಂತು. "ಕಾವೇರಮ್ಮನ ಮನೇಲೂ ಕೂಸಿದೆಯಲ್ಲ ತಾಯಿ," ಎಂದರು. "ಅವರಿಗೊಂದು, ನಮಗೊಂದು... ನನ್ನ ಕೈಲಾಗಲ್ಲ."

ಮರುದಿನ ಶಶಿ ಔಷಧಿ, ಪಂಪು ಎರಡನ್ನೂ ತಂದ.

ಕೆಲವು ದಿನಗಳ ಮೇಲೆ ಒಂದು ಸಂಜೆ, ಮಾವ ಎಂದಿನಂತೆ ಕಟ್ಟು ತಂದು ಅವಳ ಕೈಗಿಟ್ಟರು. ಯಾರೇನಂದರು ಎಂದು ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತು, "ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕು ತಾಯಿ," ಎಂದರು. ಆ ಮಾತು ಅವರ ಬಾಯಲ್ಲಿ ಅದೇ ಮೊದಲು. ಸೌಂದರ್ಯಾ ತೊಳೆದಳು, ಮತ್ತೆ ತೊಳೆದಳು. ಒಂದಾದರೂ ತೂತು ಸಿಕ್ಕೀತೇನೋ ಎಂದು ಎಲೆ ಎಲೆಯನ್ನೂ ಬೆಳಕಿಗೆ ಹಿಡಿದು ಹುಡುಕಿದಳು. ಸಿಗಲಿಲ್ಲ. ಸೊಪ್ಪು ಹೆಚ್ಚಿ, ಬೇಳೆಯ ಜೊತೆ ಕುಕ್ಕರಿಗೆ ಹಾಕಿ ಮುಚ್ಚಳ ಮುಚ್ಚಿದಳು.